ಬ್ರಹ್ಮಗಿರಿಗೆ ಒಂದು ದಿನದ ರೈಲು ಪ್ರವಾಸ: ಎಂಟನೇ ತರಗತಿಯ ಪೋಷಕರಿಗೆ ಪತ್ರ

ಎಲ್ಲ ಪೋಷಕರಿಗೂ ನಮಸ್ಕಾರ.

ಕಳೆದ ತಿಂಗಳು ಎಂಟನೇ ತರಗತಿಯಲ್ಲಿ ಅಶೋಕನ ಪಾಠ ನಡೆಯುತ್ತಿತ್ತು. ನಾನು ಪರ್ಸಿನಿಂದ 200 ರೂಪಾಯಿ ನೋಟು ತೆಗೆದು ಹಿಂಬದಿ ತೋರಿಸಿದೆ. ಅಲ್ಲಿರುವುದು ಮಧ್ಯಪ್ರದೇಶದ ಸಾಂಚಿಯ ಬೌದ್ಧ ಸ್ತೂಪ. ಎಷ್ಟೋ ಸಲ ಆ ನೋಟು ಹಿಡಿದು ಅಂಗಡಿಗೆ ಹೋಗಿಬಂದ ಮಕ್ಕಳು ಆವತ್ತು ಅದನ್ನು ಮೊದಲ ಸಲ ಸರಿಯಾಗಿ ನೋಡಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಅಲ್ಲಿಗೆ ರೈಲು ಇದೆಯಾ? ಬೆಳಿಗ್ಗೆ ಹೋಗಿ ಸಂಜೆ ಬರಬಹುದಾ?" ಎಂದು ಕೇಳಿದಳು.

ರೈಲು ಇದೆ. ಭೋಪಾಲದವರಿಗೆ ಅದು ನಿಜಕ್ಕೂ ಒಂದು ದಿನದ ಪ್ರವಾಸ. ಸಾಂಚಿಗೆ ಅದರದೇ ನಿಲ್ದಾಣವಿದೆ, ಸ್ತೂಪ ಇರುವ ಗುಡ್ಡವೂ ಹತ್ತಿರವೇ. ಆದರೆ ನಮ್ಮ ಚಿತ್ರದುರ್ಗದಿಂದ ಹೊರಟರೆ ಹೋಗಿಬರಲು ಹಲವು ದಿನ ಬೇಕು, ಖರ್ಚೂ ಜಾಸ್ತಿ. ಅವಳಿಗೆ ಇದನ್ನು ಹೇಳಿ ಕೂರಿಸಿದೆ. ಮನೆಗೆ ಹೋದ ಮೇಲೆ ಮನಸ್ಸು ಕೇಳಲಿಲ್ಲ. ಸಾಂಚಿ ದೂರ, ಸರಿ. ಅಶೋಕ ದೂರವೇ? ಅವನು ಕಲ್ಲಿನ ಮೇಲೆ ಬರೆಸಿದ ಮಾತು ನಮ್ಮ ಜಿಲ್ಲೆಯಲ್ಲೇ, ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಇದೆ ಅಲ್ವಾ?

ಆದ್ದರಿಂದ ಜನವರಿ ತಿಂಗಳ ಎರಡನೇ ಶನಿವಾರ ಮಕ್ಕಳನ್ನು ಬ್ರಹ್ಮಗಿರಿ ಮತ್ತು ಅಶೋಕ ಸಿದ್ದಾಪುರಕ್ಕೆ ಕರೆದುಕೊಂಡು ಹೋಗಬೇಕೆಂದು ಶಿಕ್ಷಕರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಕೆಲವು ಪೋಷಕರು "ವಾಟರ್ ಪಾರ್ಕಿಗೆ ಕರೆದುಕೊಂಡು ಹೋಗಿ, ಮಕ್ಕಳು ಖುಷಿಪಡುತ್ತಾರೆ, ಅಲ್ಲಿ ಬರೀ ಕಲ್ಲು ಇದೆ" ಎಂದಿದ್ದೀರಿ. ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಬರೀ ಕಲ್ಲು ಎಂದು ನಮಗೆ ಏಕೆ ಅನಿಸುತ್ತದೆ ಎಂದರೆ ಅದನ್ನು ಓದಲು ನಮಗೆ ಬರುವುದಿಲ್ಲ. ಅಷ್ಟೇ. ಈ ಸಲ ನಮ್ಮ ಮಕ್ಕಳು ಅದನ್ನು ಓದಲು ಕಲಿತು ಹೋಗುತ್ತಿದ್ದಾರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಶೋಕನ ಕಾಲದ ಬ್ರಾಹ್ಮಿ ಲಿಪಿಯನ್ನು ಜನ ಮರೆತೇ ಹೋಗಿದ್ದರು. ನೂರಾರು ವರ್ಷ ಯಾರಿಗೂ ಓದಲು ಬರುತ್ತಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸರ ಮುಂದೆ ಸಾಂಚಿಯ ಕಲ್ಲಿನ ಬೇಲಿಯಿಂದ ನಕಲು ಮಾಡಿ ತಂದ ಪುಟ್ಟ ಪುಟ್ಟ ಬರಹಗಳಿದ್ದವು. ನೋಡುತ್ತಾ ಹೋದಂತೆ ಹೆಚ್ಚಿನವು ಅವೇ ಎರಡು ಅಕ್ಷರಗಳಲ್ಲಿ ಮುಗಿಯುವುದು ಅವರ ಕಣ್ಣಿಗೆ ಬಿತ್ತು. ಗುಡಿಗೆ ಗಂಟೆ ಕೊಟ್ಟವರು, ಶಾಲೆಗೆ ಫ್ಯಾನು ಕೊಟ್ಟವರು ಹೆಸರು ಬರೆಸುತ್ತಾರಲ್ಲ, ಹಾಗೇ ಇವೂ ಕೊಟ್ಟವರ ಹೆಸರುಗಳಿರಬಹುದು, ಕೊನೆಯ ಪದ 'ದಾನಂ' ಇರಬಹುದು ಎಂದು ಊಹಿಸಿದರು. ಊಹೆ ಸರಿಯಾಗಿತ್ತು. 'ದ' ಸಿಕ್ಕಿತು, 'ನ' ಸಿಕ್ಕಿತು. ಆ ಎಳೆ ಹಿಡಿದು ಉಳಿದ ಅಕ್ಷರಗಳೂ ಬಿಡಿಸಿಕೊಂಡವು. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ನಮ್ಮ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನು ಬೆಳಕಿಗೆ ತಂದಾಗ ಅವುಗಳನ್ನು ಓದಲು ಆದದ್ದು ಇದರಿಂದಲೇ. ನಮ್ಮೂರ ಬೀಗಕ್ಕೆ ಕೀಲಿ ಸಾಂಚಿಯಿಂದ ಬಂತು. ಇದನ್ನು ಹೇಳಿದಾಗ ತರಗತಿ ಎಷ್ಟು ನಿಶ್ಶಬ್ದವಾಯಿತು ಎಂದರೆ, ಪಕ್ಕದ ಕೋಣೆಯ ಮಗ್ಗಿ ಕೇಳಿಸುತ್ತಿತ್ತು.

ಸಾಂಚಿಯ ಬೇಲಿಗೆ ಕಲ್ಲು ಕೊಟ್ಟವರಲ್ಲಿ ದೊಡ್ಡ ದೊರೆಗಳಿಗಿಂತ ಸಾಮಾನ್ಯರೇ ಜಾಸ್ತಿ. ವ್ಯಾಪಾರಿಗಳು, ಗೃಹಿಣಿಯರು, ಭಿಕ್ಷುಣಿಯರು. ದಕ್ಷಿಣದ ತೋರಣದ, ಅಂದರೆ ಕಲ್ಲಿನ ಹೆಬ್ಬಾಗಿಲಿನ, ಒಂದು ಕೆತ್ತನೆ ವಿದಿಶೆಯ ದಂತದ ಕೆಲಸಗಾರರ ಕೈಚಳಕ. ಅದೇ ತೋರಣದಲ್ಲಿ ಶಾತವಾಹನ ದೊರೆ ಶಾತಕರ್ಣಿಯ ಕುಶಲಕರ್ಮಿಗಳ ಮೇಸ್ತ್ರಿ ಆನಂದ ಎಂಬವನ ಕಾಣಿಕೆಯೂ ಇದೆ. ಮಕ್ಕಳು ಭಾನುವಾರ ಆಡಲು ಹೋಗುವ ನಮ್ಮ ಚಂದ್ರವಳ್ಳಿಯಲ್ಲಿ ಅಗೆದಾಗ ಸಿಕ್ಕಿದ್ದು ಅದೇ ಶಾತವಾಹನರ ನಾಣ್ಯಗಳು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿ ಎರಡೂ ಕಡೆ ಉತ್ಖನನ ಮಾಡಿಸಿದ್ದರು.

ಬ್ರಹ್ಮಗಿರಿಯಲ್ಲಿ ಸ್ತೂಪ, ತೋರಣ ನೋಡಲು ಸಿಗುವುದಿಲ್ಲ. ಇದನ್ನು ಮಕ್ಕಳಿಗೂ ಮೊದಲೇ ಹೇಳಿದ್ದೇನೆ. ಅಲ್ಲಿರುವುದು ಒಂದು ಬಂಡೆ. ಊರವರು ಅದನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. 2,200 ವರ್ಷಗಳಿಗೂ ಹಿಂದೆ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಸಂದೇಶ ಅದರ ಮೇಲಿದೆ. ತಾನು ಉಪಾಸಕನಾಗಿ, ಅಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿ, ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ, ಭಿಕ್ಷುಗಳ ಸಂಘದ ಹತ್ತಿರ ಬಂದ ಮೇಲೆ ತುಂಬಾ ಶ್ರಮಪಟ್ಟೆ ಎಂದು ಚಕ್ರವರ್ತಿ ಹೇಳಿಕೊಂಡಿದ್ದಾನೆ. ಈ ಶ್ರಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರೂ ಶ್ರಮಪಟ್ಟರೆ ಪಡೆಯಬಹುದು ಎನ್ನುತ್ತಾನೆ. ಮುಂದುವರಿದು ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂದಿದೆ. ಕೊನೆಗೆ ಬರೆದವನ ಹೆಸರು ಚಪಡ. ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯಲಿಲ್ಲ. ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದ. ಮಕ್ಕಳಿಗೆ ಚಕ್ರವರ್ತಿಗಿಂತ ಈ ಚಪಡನೇ ಹೆಚ್ಚು ಹಿಡಿಸಿದ್ದಾನೆ. ಅವನು ನಮ್ಮ ಕಡೆಗೆ ಹೇಗೆ ಬಂದ, ಯಾರ ಮನೆಯಲ್ಲಿ ಉಂಡ ಎಂದೆಲ್ಲ ಕೇಳುತ್ತಾರೆ.

ಒಂದು ತಿಂಗಳಿಂದ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಬ್ರಾಹ್ಮಿ ಅಕ್ಷರ ಕಲಿಯುತ್ತಿದ್ದೇವೆ. ಕೂಡಿಸುವ ಗುರುತಿನಂತಿದ್ದರೆ 'ಕ'. ಗುಡಿಸಲಿನ ಮಾಡಿನಂತಿದ್ದರೆ 'ಗ'. ನಮ್ಮ ಕನ್ನಡ ಲಿಪಿ ಬೆಳೆದು ಬಂದದ್ದೂ ಬ್ರಾಹ್ಮಿಯಿಂದಲೇ. ಮನೆಯಲ್ಲಿ ಮಗು ನಿಮ್ಮ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು ತೋರಿಸಿದರೆ ದಯವಿಟ್ಟು ಐದು ನಿಮಿಷ ಕುಳಿತು ನೋಡಿ. ಆ ಬಂಡೆಯ ಮುಂದೆ ನಿಂತು ಪ್ರತಿ ಮಗುವೂ ಒಂದಾದರೂ ಪದವನ್ನು ತಾನೇ ಓದಬೇಕು. ನನಗೆ ಈ ಪ್ರವಾಸದಿಂದ ಬೇಕಾಗಿರುವುದು ಇಷ್ಟೇ.

ಇನ್ನು ಪ್ರಯಾಣದ ವಿಷಯ. ಚಿತ್ರದುರ್ಗ ನಿಲ್ದಾಣದಲ್ಲಿ ರೈಲು ಹತ್ತಿ, ಚಳ್ಳಕೆರೆ ದಾಟಿ ರಾಯದುರ್ಗದಲ್ಲಿ ಇಳಿಯುತ್ತೇವೆ. ರಾಯದುರ್ಗ ಆಂಧ್ರಪ್ರದೇಶಕ್ಕೆ ಸೇರಿದ್ದು. ಗಡಿ ದಾಟುವುದರಿಂದ ಇಲಾಖೆಯ ಅನುಮತಿ ತೆಗೆದುಕೊಂಡಿದ್ದೇವೆ. ನಿಲ್ದಾಣದಲ್ಲಿ ನಮ್ಮ ಎರಡು ಬಾಡಿಗೆ ಬಸ್ಸುಗಳು ಕಾಯುತ್ತಿರುತ್ತವೆ. ಅಲ್ಲಿಂದ ಮುಂದಕ್ಕೂ, ಸಂಜೆ ಶಾಲೆಗೆ ವಾಪಸ್ ಬರಲೂ ಅವೇ ಬಸ್ಸು. ಬರುವಾಗಲೂ ರೈಲೇ ಇರಲಿ ಎಂದು ಮಕ್ಕಳು ಹಟ ಮಾಡಿದರು. ಕತ್ತಲಾದ ಮೇಲೆ ಇಷ್ಟು ಮಕ್ಕಳನ್ನು ಪ್ಲಾಟ್‌ಫಾರಂನಲ್ಲಿ ಕೂರಿಸಿಕೊಂಡು ಕಾಯುವುದು ಬೇಡ ಎಂದು ನಾನೇ ಒಪ್ಪಲಿಲ್ಲ. ಬಸ್ಸೇ ಸಾಕಿತ್ತಲ್ಲ, ರೈಲು ಯಾಕೆ ಎಂದು ಕೇಳಬಹುದು. ತರಗತಿಯಲ್ಲಿ ಕೈ ಎತ್ತಿಸಿ ನೋಡಿದೆ. 84 ಮಕ್ಕಳಲ್ಲಿ 31 ಮಕ್ಕಳು ಇನ್ನೂ ರೈಲನ್ನೇ ಹತ್ತಿಲ್ಲ.

ರೈಲಿನ ವೇಳೆಯನ್ನು ಹಿಂದಿನ ವಾರ ನಿಲ್ದಾಣದಲ್ಲಿ ಖಚಿತ ಮಾಡಿಕೊಂಡು ಚೀಟಿಯಲ್ಲಿ ಬರೆದು ಕಳಿಸುತ್ತೇವೆ. ರೈಲಿಗೆ ಒಂದು ಗಂಟೆ ಮೊದಲು ಮಕ್ಕಳು ನಿಲ್ದಾಣದಲ್ಲಿರಬೇಕು. ನೀವೇ ಬಂದು ಬಿಟ್ಟು, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಹೋಗಿ.

ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮಧ್ಯದ ಯಾವ ನಿಲ್ದಾಣದಲ್ಲೂ ಯಾವ ಮಗುವೂ ಕೆಳಗೆ ಇಳಿಯುವಂತಿಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಬೇರೊಂದು ಊರಿನಲ್ಲಿ ಮಕ್ಕಳನ್ನು ರೈಲಿನಲ್ಲಿ ಕರೆದೊಯ್ದಿದ್ದೆವು. ಒಬ್ಬ ಹುಡುಗ ಬಾಟಲಿಗೆ ನೀರು ಹಿಡಿಯಲು ಇಳಿದ. ರೈಲು ಹೊರಟಿತು. ಮುಂದಿನ ನಿಲ್ದಾಣದಲ್ಲಿ ನಾನು ಇಳಿದು, ಆಟೋ ಹಿಡಿದು ಹಿಂದಕ್ಕೆ ಹೋಗುವ ತನಕ ಅವನು ಅದೇ ನಲ್ಲಿಯ ಹತ್ತಿರ ಬಾಟಲಿ ತಬ್ಬಿಕೊಂಡು ನಿಂತಿದ್ದ. ಏನೂ ಆಗಲಿಲ್ಲ. ಆದರೆ ಆ ನಲವತ್ತು ನಿಮಿಷ ನನಗೆ ಇವತ್ತಿಗೂ ನೆನಪಿದೆ. ಈ ಸಲ ಏಳು ಮಕ್ಕಳಿಗೆ ಒಬ್ಬ ದೊಡ್ಡವರು ಇರುತ್ತಾರೆ, ಬೋಗಿಯ ಬಾಗಿಲಲ್ಲಿ ಶಿಕ್ಷಕರೇ ಕೂರುತ್ತಾರೆ. ಶಿಕ್ಷಕರು ಎಂಟು ಜನ ಇದ್ದೇವೆ, ಇನ್ನೂ ನಾಲ್ವರು ಬೇಕು. ಪೋಷಕರಲ್ಲಿ ಯಾರಾದರೂ, ಅದರಲ್ಲೂ ತಾಯಂದಿರು, ಆವತ್ತು ಬಿಡುವು ಮಾಡಿಕೊಂಡು ಬಂದರೆ ದೊಡ್ಡ ಸಹಾಯ. ಹೆಣ್ಣುಮಕ್ಕಳ ಶೌಚಾಲಯದ ವಿಷಯವನ್ನು ಸುಮ್ನೆ ಬಿಟ್ಟಿಲ್ಲ. ದಾರಿಯಲ್ಲಿರುವ ಒಂದು ಶಾಲೆಯವರ ಜೊತೆ ಮಾತನಾಡಿ ವ್ಯವಸ್ಥೆ ಮಾಡಿದ್ದೇವೆ.

ಊಟ ಮನೆಯಿಂದಲೇ ಬರಲಿ. ರೊಟ್ಟಿ ಅಥವಾ ಚಪಾತಿ, ಶೇಂಗಾ ಚಟ್ನಿಪುಡಿ ಕೊಟ್ಟರೆ ಮಧ್ಯಾಹ್ನದವರೆಗೂ ಕೆಡುವುದಿಲ್ಲ. ಎರಡು ಲೀಟರ್ ನೀರು, ಟೋಪಿ ಅಥವಾ ತಲೆಗೆ ಒಂದು ಬಟ್ಟೆ. ಜನವರಿಯಾದರೂ ಬಂಡೆ ಕಾಯುತ್ತದೆ. ಚಪ್ಪಲಿ ಬೇಡ, ಶೂ ಹಾಕಿಸಿ. ಮಗುವಿಗೆ ಉಬ್ಬಸ, ಫಿಟ್ಸ್, ವಾಂತಿ ಏನಾದರೂ ಇದ್ದರೆ ಮುಚ್ಚಿಡದೆ ಬರೆದುಕೊಡಿ. ಅದಕ್ಕಾಗಿ ಯಾರನ್ನೂ ಬಿಟ್ಟುಹೋಗುವುದಿಲ್ಲ. ಜಟಿಂಗ ರಾಮೇಶ್ವರದ ಬೆಟ್ಟವನ್ನು ಮಾತ್ರ ಈ ಸಲ ಹತ್ತುತ್ತಿಲ್ಲ, ಕೆಳಗಿನಿಂದ ತೋರಿಸುತ್ತೇವೆ. ಮೊಬೈಲ್ ಬೇಡ. ಸೀಮೆಸುಣ್ಣವಂತೂ ಬೇಡವೇ ಬೇಡ. ಫೋಟೋದಲ್ಲಿ ಚೆನ್ನಾಗಿ ಕಾಣಲಿ ಎಂದು ಕೆಲವರು ಶಾಸನದ ಅಕ್ಷರಗಳಿಗೆ ಸುಣ್ಣ ತುಂಬುತ್ತಾರೆ, ಅದರಿಂದ ಕಲ್ಲಿಗೆ ಪೆಟ್ಟು. ನಮ್ಮ ಮಕ್ಕಳು ಬಂಡೆಯನ್ನು ಮುಟ್ಟುವುದಿಲ್ಲ, ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ತಲಾ 350 ರೂಪಾಯಿ ಆಗುತ್ತದೆ. ಇದರಲ್ಲಿ ಬಸ್ಸಿನ ಬಾಡಿಗೆಯೇ ದೊಡ್ಡ ಪಾಲು. ಕೆಲವು ಮನೆಗಳಿಗೆ ಈ ಮೊತ್ತ ಕಷ್ಟ ಎಂದು ನನಗೆ ಗೊತ್ತು. ಅಂಥವರು ಒಪ್ಪಿಗೆ ಚೀಟಿಯ ಹಿಂದೆ ಏನೂ ವಿವರಿಸಬೇಕಾಗಿಲ್ಲ, ಒಂದು ಗೀಟು ಎಳೆದು ಕಳಿಸಿ ಸಾಕು. ಅನುಕೂಲ ಇದ್ದವರು ಇನ್ನೊಂದು ಮಗುವಿನ ಹಣವನ್ನೂ ಸೇರಿಸಿ ಕೊಟ್ಟರೆ ಮನಸಾರೆ ಸ್ವೀಕರಿಸುತ್ತೇವೆ. ಸಾಂಚಿಯಲ್ಲಿ ಕೊಟ್ಟವರ ಹೆಸರು ಕಲ್ಲಿನಲ್ಲಿ ಬರೆದರು. ಇಲ್ಲಿ ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎಂಬುದು ನನ್ನ ಬಳಿಯೇ ಇರುತ್ತದೆ.

ಕೆಳಗಿನ ಒಪ್ಪಿಗೆ ಚೀಟಿಯನ್ನು ಡಿಸೆಂಬರ್ 20ರ ಒಳಗೆ ತರಗತಿ ಶಿಕ್ಷಕರಿಗೆ ಕೊಡಿ. ಅನುಮಾನ ಇದ್ದರೆ ಸಂಜೆ ನಾಲ್ಕೂವರೆಯ ಮೇಲೆ ಶಾಲೆಗೆ ಬನ್ನಿ, ಕೂತು ಮಾತಾಡೋಣ. ನೋಟಿನಲ್ಲಿ ಸಾಂಚಿ ನೋಡಿ ರೈಲು ಕೇಳಿದ ಹುಡುಗಿಯ ಚೀಟಿ ಆಗಲೇ ಬಂದಿದೆ. ಅವಳ ಅಜ್ಜಿ ಸಹಿ ಹಾಕಿ, ತಾವೂ ಬರಬಹುದಾ ಎಂದು ಕೇಳಿ ಕಳಿಸಿದ್ದಾರೆ. ಬನ್ನಿ ಎಂದಿದ್ದೇನೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಚಿತ್ರದುರ್ಗ