ಕತ್ತಲೆ ಸಿನಿಮಾದ್ದಲ್ಲ, ಟಾಕೀಸಿನದು

ಮಾನ್ಯರೇ,

'ನೊಸ್ಫೆರಾಟು' ಎಂಬ ರಕ್ತಪಿಶಾಚಿಯ ಸಿನಿಮಾ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ವಿಮರ್ಶೆ ಓದಿ ಸಿಟ್ಟು ನೆತ್ತಿಗೇರಿತು. 'ಬರೀ ಕತ್ತಲೆ, ಏನೂ ಕಾಣುವುದಿಲ್ಲ' ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಅವರು ನೋಡಿದ ಹುಬ್ಬಳ್ಳಿಯ ಅದೇ ಟಾಕೀಸಿನಲ್ಲಿ ಶನಿವಾರ ರಾತ್ರಿ ನಾನೂ ನೋಡಿದ್ದೇನೆ. ಏನೂ ಕಾಣಲಿಲ್ಲ, ನಿಜ. ಆದರೆ ಅದು ನಿರ್ದೇಶಕ ರಾಬರ್ಟ್ ಎಗ್ಗರ್ಸ್ ತಪ್ಪಲ್ಲ, ಪ್ರೊಜೆಕ್ಟರ್ ಲ್ಯಾಂಪಿನ ತಪ್ಪು. ಛಾಯಾಗ್ರಾಹಕ ಜಾರಿನ್ ಬ್ಲಾಶ್ಕೆ ಮೇಣದಬತ್ತಿಯ ಬೆಳಕು ನಂಬಿ 35 ಎಂಎಂ ಫಿಲಂನಲ್ಲಿ ತೆಗೆದ ಚಿತ್ರವದು. ಸವೆದ ಲ್ಯಾಂಪಿನಲ್ಲಿ ತೋರಿಸಿದರೆ ಬತ್ತಿಯ ಪಕ್ಕದ ಮುಖವೂ ಕಪ್ಪೇ. ಮೇಲಾಗಿ ಬಾಗಿಲ ಬಳಿಯ ಬಲ್ಬು ಕೊನೆತನಕ ಪರದೆಗೆ ಹೊಡೆಯುತ್ತಿತ್ತು. ಇಂಟರ್‌ವಲ್‌ನಲ್ಲಿ ಕೇಳಿದರೆ ಮ್ಯಾನೇಜರ್ 'ಪಿಕ್ಚರೇ ಹಂಗೈತ್ರಿ' ಅಂದ. ನಿಮ್ಮ ವಿಮರ್ಶಕರು ಅದನ್ನೇ ಅಚ್ಚು ಹಾಕಿಸಿದ್ದಾರೆ.

ಚಿತ್ರದ ರಕ್ತಪಿಶಾಚಿ ಕೌಂಟ್ ಓರ್ಲಾಕನ ಮೀಸೆ ನೋಡಿ ನಗು ಬಂತಂತೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯ ಡ್ರಾಕುಲಾನಿಗೇ ದಟ್ಟ ಮೀಸೆಯಿದೆ, ಬೋಳಿಸಿದವರು ಸಿನಿಮಾದವರು. 'ಡ್ರಾಕುಲಾದ ನಕಲು' ಎಂಬುದು ಇನ್ನೊಂದು ಮಾತು. 1922ರಲ್ಲಿ ಜರ್ಮನಿಯ ನಿರ್ದೇಶಕ ಮುರ್ನೌ ಅನುಮತಿಯಿಲ್ಲದೆ, ಹೆಸರು ಬದಲಿಸಿ ಈ ಕಥೆಯನ್ನು ಮೊದಲ 'ನೊಸ್ಫೆರಾಟು' ಆಗಿ ತೆಗೆದರು. ಸ್ಟೋಕರ್ ತೀರಿಕೊಂಡು ವರ್ಷಗಳಾಗಿದ್ದವು. ಅವರ ಪತ್ನಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. ಪ್ರಿಂಟುಗಳನ್ನೆಲ್ಲ ನಾಶಮಾಡಲು 1925ರಲ್ಲಿ ಆದೇಶವಾಯಿತು. ಅಲ್ಲೊಂದು ಇಲ್ಲೊಂದು ಉಳಿದಿದ್ದರಿಂದ ಇವತ್ತು ಆ ಚಿತ್ರವಿದೆ, ಅದನ್ನೇ ಎಗ್ಗರ್ಸ್ ಮತ್ತೆ ತೆಗೆದಿದ್ದಾರೆ. ಇಷ್ಟೂ ತಿಳಿಯದೆ ಸ್ಟಾರ್ ಹಂಚುವುದೇ? ಉದ್ದವಾಯಿತು ಎಂದಿದ್ದರೆ ಒಪ್ಪುತ್ತಿದ್ದೆ. ಆದರೆ ಮೈಯೆಲ್ಲ ಸೆಟೆಸಿಕೊಂಡು, ಕಣ್ಣುಗುಡ್ಡೆ ಮೇಲೇರಿಸಿ ನಟಿಸಿದ ನಾಯಕಿ ಲಿಲಿ-ರೋಸ್ ಡೆಪ್ ಬಗ್ಗೆ ಒಂದು ಸಾಲೂ ಇಲ್ಲ! ಆ ಹೆಣ್ಣುಮಗಳ ಸಂಕಟವೇ ಚಿತ್ರದ ಜೀವ.

ನಮ್ಮ ಸಂಕಟ ಅಲ್ಲಿಗೇ ಮುಗಿಯಲಿಲ್ಲ. ಆಟ ಬಿಟ್ಟಾಗ ಒಂದು ಗಂಟೆ ಆಗಲು ಬಂದಿತ್ತು. ಧಾರವಾಡಕ್ಕೆ ಬಸ್ಸಿಲ್ಲ, ಆಟೋದವನಿಗೆ 700 ರೂಪಾಯಿ ತೆತ್ತೆವು. ಓಣಿಯಲ್ಲಿ ಒಂದು ಬೀದಿದೀಪವೂ ಇಲ್ಲ. ದೀಪಾವಳಿಗೆ ಮುಂಚೆ ಅಗೆದು ಬಿಟ್ಟ ತಗ್ಗಿನಲ್ಲಿ ನನ್ನ ಹೆಂಡತಿಯ ಕಾಲು ಉಳುಕಿ ಇವತ್ತಿಗೂ ಬಾವು ಇಳಿದಿಲ್ಲ. ಮೂರು ಸಲ ಅರ್ಜಿ ಕೊಟ್ಟಿದ್ದೇನೆ. ಇಲ್ಲಿಯ ಪಾಲಿಕೆ ಸಾಹೇಬರು ಹುಬ್ಬಳ್ಳಿಗೆ ಕೊಡಿ ಅನ್ನುತ್ತಾರೆ, ಅಲ್ಲಿಯವರು ಧಾರವಾಡಕ್ಕೆ ಕೊಡಿ ಅನ್ನುತ್ತಾರೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬರಲಿ ಬಿಡಲಿ, ಮೊದಲು ದೀಪ ಹಚ್ಚಿರಿ. ಟಾಕೀಸಿಗೆ ಲೈಸೆನ್ಸ್ ಕೊಡುವ ಅಧಿಕಾರಿಗಳು ಒಂದು ದಿನವಾದರೂ ಒಳಗೆ ಕುಳಿತು ಪರದೆ ನೋಡಿದ್ದಾರೆಯೇ?

ಲ್ಯಾಂಪ್ ಬದಲಿಸಬೇಕು, ಬೀದಿದೀಪ ಹಾಕಬೇಕು, ನಿಮ್ಮ ವಿಮರ್ಶಕರು ಬೇರೆ ಊರಿಗೆ ಹೋಗಿಯಾದರೂ ಇನ್ನೊಮ್ಮೆ ನೋಡಿ ಬರೆಯಬೇಕು. ಇವರನ್ನೆಲ್ಲ ಹೇಳುವವರು ಕೇಳುವವರು ಯಾರೂ ಇಲ್ಲವೇ?

— ಒಬ್ಬ ಓದುಗ, ಸಪ್ತಾಪುರ, ಧಾರವಾಡ