ಮುಂಭಾರ ಇರ್ಲಿ, ಮಗಳ

ಚಿ. ಸೌ. ಮಗಳಿಗೆ ನಿನ್ನ ತಂದೆ ಮಾಡುವ ಅನೇಕ ಆಶೀರ್ವಾದಗಳು. ಇತ್ತ ಕಲಬುರಗಿಯಲ್ಲಿ ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕು.

ಇಷ್ಟು ಸಾಲ್ಯಾಗ ಮಾಸ್ತರು ಕಲಿಸಿದ್ದು. ಇನ್ನ ಮುಂದಿಂದು ನನ್ನ ಮಾತು. ಮಿರಗ ಕೂಡ್ಯದ, ಮೊನ್ನಿ ಒಂದು ಹದದ ಮಳಿ ಬಿತ್ತು, ತೊಗರಿ ಬಿತ್ಲಕ ಎಲ್ಲಾರೂ ಗಡಬಡ ನಡಿಸ್ಯಾರ. ವರ್ಷಪೂರ್ತಿ ಟ್ರಾಲಿ ಕಡಿ ಹೊಳ್ಳಿ ನೋಡಲಾರದವ್ರು ಈಗ 'ಕಾಕಾ, ಗಾಲಿ ಹಬ್ ಸಪ್ಪಳ ಮಾಡ್ಲಕತ್ತದ' ಅಂತ ಮುಂಜಾನಿ ಏಳಕ್ಕ ಅಂಗಡಿ ಮುಂದ ನಿಂದ್ರತಾರ. ಇದರಾಗ ನಿಂದೂ ಒಂದು ಟ್ರಾಲಿ ಪ್ರಶ್ನಿ ಬಂತು, ಅದೂ ಟೆಕ್ಸಾಸ್‌ದಿಂದ.

ನೀ ಕಳಿಸಿದ ಮೂರೂ ಟ್ರೇಲರ್ ಫೋಟೋ ನಿನ್ನ ತಮ್ಮ ದೊಡ್ಡದು ಮಾಡಿ ತೋರಿಸ್ದ. 'ಅಪ್ಪಾ, ಇದ್ರಾಗ ಯಾವುದು ತಗೋಳಿ? ಸಾವಿರ ಡಾಲರ್ ಆಜೂಬಾಜೂ ಮುಗಿಬೇಕು' ಅಂದಿ. ಫೋನ್‌ನ್ಯಾಗ ಒಂದೇ ಮಾತಿನ್ಯಾಗ ಹೇಳೋದು ಆಗಲಿಲ್ಲ. 31 ವರ್ಷ ಟ್ರಾಲಿ ಕಟ್ಟಿದವ ಮಗಳು ಕೇಳಿದಾಗ 'ಯಾವುದರ ತಗೋ' ಅಂದ್ರ, ಇಷ್ಟು ದಿನ ವೆಲ್ಡಿಂಗ್ ಹೊಗಿ ಕುಡದದ್ದೆಲ್ಲ ದಂಡ ಅಲ್ಲೇನು. ಅದಕ್ಕ ಈ ಕಾಗದ. ನಿನ್ನ ತಮ್ಮ ಫೋಟೋ ಹೊಡದು ಕಳಸ್ತಾನ.

ಟ್ರೇಲರ್ ಮಾತು ಆಮ್ಯಾಲ. ಮೊದಲು ನಿನ್ನ ಗಾಡಿದು ಹೇಳ್ತೀನಿ. ನಿಂದು ಫೋರ್ಡ್ ಮ್ಯಾವರಿಕ್, ಸಣ್ಣ ಪಿಕಪ್. ಅದರಾಗ ಎಳಿಯೋ ಪ್ಯಾಕೇಜ್ ಹಾಕಿಸಿದ್ದು 4,000 ಪೌಂಡ್ ಎಳೀತದಂತ, ಹಾಕಿಸಲಾರದ್ದು 2,000 ಪೌಂಡ್. ನಿಂದು ಹಾಕಿಸಲಾರದ್ದು. ಅಂದ್ರ ನಮ್ಮ ಲೆಕ್ಕದಾಗ ಒಂಬತ್ತು ಕ್ವಿಂಟಲ್ ಚಿಲ್ಲರ. ಈ ಒಂಬತ್ತು ಕ್ವಿಂಟಲ್‌ದಾಗ ಟ್ರೇಲರ್ ತೂಕನೂ ಬಂತು, ಮಾಲ್ ತೂಕನೂ ಬಂತು. ಅಲ್ಲಿ ಅಂಗಡಿಯವ್ರು 'ದೊಡ್ಡ ಹಿಚ್ ಹಾಕಿ ಕೊಡ್ತೀವಿ, 3,500 ಎಳೀತದ' ಅಂದಾರ ಅಂದೆಲ್ಲ, ಆ ಹಿಚ್, ಅಂದ್ರ ಟ್ರೇಲರ್ ಸಿಗಿಸೋ ಹುಕ್ಕು, ಎಳೀತದ ಖರೆ, ಗಾಡಿ ಎಳಿಯಂಗಿಲ್ಲ. ಬಡಕಲು ಎತ್ತಿಗಿ ಗಟ್ಟಿ ನೊಗ ಹೂಡಿದ್ರ ಎತ್ತೇನು ದಪ್ಪ ಆಗ್ತದ? ಇಲ್ಲಿ ಅಫಜಲಪುರ ಕಡಿ ಎರಡೆರಡು ಕಬ್ಬಿನ ಟ್ರಾಲಿ ಹಚ್ಚಿ, ಟ್ರ್ಯಾಕ್ಟರ್ ಮುಂದಿನ ಗಾಲಿ ಮ್ಯಾಲೆದ್ದು ಕುಣಿಸ್ಕೋತ ಹೋಗ್ತಾರಲ್ಲ, ಆ ಶಾಣ್ಯಾತನ ಅಲ್ಲಿ ಬ್ಯಾಡ.

ಇನ್ನ ಏನು ತುಂಬಾಕಿ? ಹಿತ್ತಲದಾಗ ಪುಂಡಿಪಲ್ಯ, ಮೆಂತೆ, ಹೀರಿ ಹಾಕ್ತೀನಿ, ಮಣ್ಣು ತರಬೇಕು, ಗಿಡದ ಬುಡಕ್ಕ ಹಾಸೋ ಮಲ್ಚ್ ತರಬೇಕು ಅಂದಿ. ಇಲ್ಲೇ ಎಲ್ಲಾರೂ ಎಡವೋದು. ಅಲ್ಲಿ ಮಣ್ಣು ಘನ ಯಾರ್ಡ್ ಲೆಕ್ಕದಾಗ ಕೊಡ್ತಾರ, ಒಂದು ಯಾರ್ಡಿಗಿ 27 ಘನ ಅಡಿ. ಐದು ಅಡಿ ಅಗಲ, ಎಂಟು ಅಡಿ ಉದ್ದದ ಟ್ರೇಲರ್‌ಗಿ ಎರಡು ಅಡಿ ಬಾಜೂ ಹಲಗಿ ಹಚ್ಚಿದ್ರ ಮೂರು ಯಾರ್ಡ್ ಹತ್ತಿರ ಹಿಡೀತದ. ಕಣ್ಣಿಗಿ ಜಾಗ ಕಾಣ್ತದ, ತೂಕ ಕಾಣಂಗಿಲ್ಲ. ಒಣ ಮಲ್ಚ್ ಒಂದು ಯಾರ್ಡ್ 600ರಿಂದ 800 ಪೌಂಡ್ ಆದ್ರ, ಮಣ್ಣು 2,000 ಪೌಂಡ್ ಮ್ಯಾಲೇ, ಮಳಿ ಬಿದ್ದಿದ್ರ ಇನ್ನೂ ಜಾಸ್ತಿ. ತೊಗರಿ ಹೊಟ್ಟು ತುಂಬಿದ ಟ್ರಾಲಿಗೂ ಮರಮು ತುಂಬಿದ ಟ್ರಾಲಿಗೂ ಇರೋ ಫರಕು ನಿಂಗ ನಾ ಹೇಳಬೇಕೇನು? ಹೊಟ್ಟು ಮಾಳಿಗಿ ಎತ್ತರ ಹೇರಿದ್ರೂ ನಡೀತದ, ಮರಮು ಮೊಣಕಾಲುದ್ದ ಆದ್ರ ಸಾಕು, ಕೆಳಗಿನ ಸ್ಪ್ರಿಂಗ್ ಪಾಟಾ ಚಪ್ಪಟಿ.

ಲೆಕ್ಕ ಹಾಕು. ಎರಡನೇ ಫೋಟೋದಾಗಿನ ಐದು-ಎಂಟರ ಟ್ರೇಲರ್ ಖಾಲಿನೇ 700 ಪೌಂಡ್ ಅಂತ ಬರದದ. ಉಳಿದದ್ದು 1,300. ಅಂದ್ರ ಮಣ್ಣು ಅರ್ಧ ಯಾರ್ಡ್, ಅಷ್ಟೇ. ಅರ್ಧ ಯಾರ್ಡ್ ಆ ಹಲಗಿ ಮ್ಯಾಲ ಸಮ ಹರವಿದ್ರ ನಾಕು ಇಂಚು ಎತ್ತರ ಬರ್ತದ. ನಾಕು ಇಂಚಿನ ಮಣ್ಣು ನೋಡಿ ಲೋಡರ್ ಹುಡುಗ ನಕ್ಕು ಇನ್ನೊಂದು ಬಕೀಟ್ ಹಾಕ್ಲಕ ಬರ್ತಾನ. ಕೈ ಅಡ್ಡ ಹಿಡಿ. ಎರಡು ಖೇಪ್ ಹೊಡದ್ರ ಯಾರಪ್ಪಂದೇನು ಹೋಗ್ತದ.

ಇಷ್ಟು ಆದ ಮ್ಯಾಲ ಮೂರನೇ ಫೋಟೋ ಅಳಿಸಿಬಿಡು. ಆರು-ಹನ್ನೆರಡರದ್ದು, ಹಳೇದು, ಅಗ್ಗ ಸಿಗ್ತದ ಅಂತ ಅಳಿಯಂದ್ರು ಆಸಿ ಪಟ್ಟಾರ. ಅದು ಖಾಲಿ ಇದ್ದಾಗೇ ನಿನ್ನ ಗಾಡಿ ಶಕ್ತಿ ಅರ್ಧ ತಿಂದು ಕುಂದ್ರತದ. ಅಗಲ ನೋಡಿ ಅಗ್ಗ ಅನ್ನಬ್ಯಾಡ್ರಿ ಅಂತ ಅವ್ರಿಗಿ ನನ್ನ ಹೆಸರ್ಲೇ ಹೇಳು, ಸಿಟ್ಟು ಆಗಂಗಿಲ್ಲ.

ಮೊದಲನೇದು, ಡಬ್ಬಿಯಾಗ ಬರ್ತದ, ಮನ್ಯಾಗೇ ಬೋಲ್ಟ್ ಜೋಡಿಸ್ಕೋಬೇಕು, ಮಡಚಿ ಗೋಡಿಗಿ ನಿಂದ್ರಸಬಹುದು. ಅದನ್ನ ಪೂರಾ ಬೈಯಂಗಿಲ್ಲ ನಾ. ಟೊಂಗಿ, ಮಲ್ಚ್, ಹಳಿ ಖುರ್ಚಿ ಒಯ್ಯೋರಿಗಿ ಚಲೋನೇ ಅದ, ಜಾಗ ಇಲ್ಲದವ್ರಿಗಿ ಇನ್ನೂ ಚಲೋ. ಆದ್ರ ಬೋಲ್ಟ್ ಮ್ಯಾಲ ನಿಂತ ಚೌಕಟ್ಟು ಅಲಗಾಡ್ತದ, ತಿಂಗಳಿಗೊಮ್ಮಿ ಪಾನಾ ಹಿಡಿಬೇಕು. ಮತ್ತ ಗಾಲಿ 12 ಇಂಚಿನವು. ಗಾಲಿ ಸಣ್ಣದಿದ್ದಷ್ಟು ಅದೇ ದಾರಿಗಿ ಹೆಚ್ಚು ಸಲ ತಿರಗಬೇಕು, ಬೇರಿಂಗೂ ಟೈರೂ ಲಗೂ ಕಾಯ್ತಾವ. ನಿಮ್ಮ ಕಡಿ ಬ್ಯಾಸಗಿ ನಮ್ಮ ಕಲಬುರಗಿ ಬ್ಯಾಸಗಿ ತಂಗಿನೇ ಅದ ಅಂತಿ. 13 ಇಂಚಿನದ್ದು ಸಿಕ್ರ ಚಲೋ, 15 ಸಿಕ್ರ ಇನ್ನೂ ಚಲೋ.

ಈಗ ಕೆಳಗ ಬಗ್ಗು. ಟ್ರಾಲಿ ಖರೀದಿ ಮಾಡವ್ರು ಮ್ಯಾಲ ಪತ್ರಾ ಬಡದು ನೋಡ್ತಾರ, ಬಣ್ಣ ನೋಡ್ತಾರ, ಹಿಂದ ಬರಿಸೋ ಹೆಸರಿಗಿ ಜಗಳ ಮಾಡ್ತಾರ. ಕೆಳಗ ಬಗ್ಗಿ ನೋಡಿದ ಗಿರಾಕಿ ನೂರಕ್ಕ ಹತ್ತು ಮಂದಿ ಇದ್ದಾರೇನೋ. ಟ್ರೇಲರ್ ಅಂದ್ರ ಅಚ್ಚು, ಹಬ್, ಪಾಟಾ, ಮತ್ತ ಗಾಡಿಗಿ ಸಿಗಿಸೋ ಮುಂದಿನ ಮೂಕಿ. ಉಳಿದದ್ದೆಲ್ಲ ತಟ್ಟಿ. ಮೂಕಿ ಎಲ್ ಆಕಾರದ ಆಂಗಲ್‌ನದ್ದು ಅದನೋ ಸಿ ಆಕಾರದ ಚಾನಲ್‌ನದ್ದೋ ನೋಡು. ಮೂಕಿ ಚೌಕಟ್ಟಿನ ಕೆಳಗ ಎಷ್ಟು ಹಿಂದ ತನಕ ಹೋಗ್ಯದ ನೋಡು. ಮುಂದಿನ ಅಡ್ಡಪಟ್ಟಿಗೇ ಅಂಟಿಸಿ ಬಿಟ್ಟಿದ್ರ ಒಂದು ದಿನ ಅಲ್ಲೇ ಸೀಳ್ತದ. ವೆಲ್ಡಿಂಗ್ ಮೀನಿನ ಮೈ ಹಂಗ ಒಂದರ ಮ್ಯಾಲ ಒಂದು ಸಾಲಾಗಿ ಕುಂತಿರಬೇಕು, ಸಗಣಿ ತಟ್ಟಿದಂಗ ಇದ್ರ ದೂರ ಸರಿ. ಹಳೇದಕ್ಕ ಹೊಸಾ ಕರಿ ಬಣ್ಣ ಬಡದಿದ್ರ ಪಾಟಾ ಕೂಡೋ ಜಾಗದಾಗ ಉಗುರಲೇ ಕೆರಿ, ತುಕ್ಕು ಹೊಪ್ಪಳಿ ಹೊಪ್ಪಳಿ ಕಿತ್ತು ಬಂದ್ರ ಮುಗೀತು. ಟೈರ್ ಒಂದೇ ಕಡಿ ಸವದಿದ್ರ ಅಚ್ಚು ಬಾಗ್ಯದ ಅಂತ ತಿಳಿ.

ಅಚ್ಚಿನ ಮಾತು ಬಂದ್ರ ಆ ಎಳ್ಳ ಅಮಾಸಿ ನೆನಪಾಗ್ತದ. ನೀ ನಾಕನೇತ್ತೆ ಇದ್ದಿ. ನಮ್ಮ ಸ್ವಂತದ ಟ್ರಾಲಿ ನಾನೇ ಕಟ್ಟಿದ್ದೆ. ಊರಿಗೆಲ್ಲ ಹೊಸಾ ಬೇರಿಂಗ್ ಹಾಕಿ ಕೊಟ್ಟವ ನಂದಕ್ಕ ಗುಜರಿಯಿಂದ ಹಳಿ ಅಚ್ಚು ತಂದು, ಹಳಿ ಬೇರಿಂಗ್ ತೊಳದು ಗ್ರೀಸ್ ಬಡದು ಕುಂದ್ರಿಸಿದ್ದೆ. ಉಳಿದದ್ದು ಎಷ್ಟು? ಆಗಿನ ಕಾಲಕ್ಕ ಆರುನೂರು ರೂಪಾಯಿ. ಚರಗ ಚೆಲ್ಲಲಕ ಎಲ್ಲಾರೂ ಟ್ರಾಲ್ಯಾಗ ಕುಂತು ಫರಹತಾಬಾದ್ ಹಾದಿ ಹಿಡದಿದ್ವಿ. ಹಬ್ ಕಿರ್ ಅನ್ಲಕತ್ತಿತ್ತು, ಮುತ್ಯಾ ಎರಡು ಸಲ ಅಂದ್ರು, ನಾ ಕೇಳಲಿಲ್ಲ. ಆಮ್ಯಾಲ ನಮ್ಮ ಗಾಲಿ ನಮಗಿಂತ ಮುಂದ ಹೋಗಿ ಬಿಳಿಜ್ವಾಳದ ಹೊಲದಾಗ ಹೊಕ್ಕಿತು. ನೀ ಚಪ್ಪಾಳಿ ಹೊಡದಿ. ಟ್ರಾಲಿ ಒಂದು ಬಾಜೂ ಕುಕ್ಕರಿಸಿ ಭಜ್ಜಿ ಗಡಗಿ ಪೂರಾ ರೋಡಿನ ಪಾಲಾಯ್ತು. ನಿಧಾನ ಹೊಂಟಿದ್ವಿ ಅಂತ ಯಾರಿಗೂ ಏನೂ ಆಗಲಿಲ್ಲ. ಆ ರಾತ್ರಿ ನಂಗ ನಿದ್ದಿ ಹತ್ತಲಿಲ್ಲ, ನಿಮ್ಮವ್ವಗ ಇದನ್ನ ಇವತ್ತಿನ ತನಕ ಹೇಳಿಲ್ಲ.

ಅದಕ್ಕ ಹಳೇದು ನೋಡ್ಲಕ ಹೋದ್ರ ಜಾಕ್ ಹಚ್ಚಿ ಗಾಲಿ ಎತ್ಸು. ಮ್ಯಾಲ ಕೆಳಗ ಹಿಡದು ಅಲ್ಲಾಡ್ಸು, ಕಟಕಟ ಅನಬಾರದು. ಗರ್ ಅಂತ ತಿರಗ್ಸಿ ಕಿವಿ ಕೊಡು, ಉಸುಕು ಬೀಸಿದಂಗ ಸಪ್ಪಳ ಬಂದ್ರ ಬೇರಿಂಗ್ ಹೋಗ್ಯದ. ಬೇರಿಂಗ್ ಬದಲಾಯಿಸೋದು ದೊಡ್ಡ ಖರ್ಚಲ್ಲ, ಆದ್ರ ಅದು ಹಾಳಾಗೋ ತನಕ ಬಿಟ್ಟವ ಮತ್ತೇನೇನು ಬಿಟ್ಟಾನೋ. ವರ್ಷಕ್ಕೊಮ್ಮಿ ಬಿಚ್ಚಿ ಗ್ರೀಸ್ ತುಂಬಿಸು.

ಟೈರ್ ಬಾಜೂಕ 'ಎಸ್‌ಟಿ' ಅಂತ ಇರ್ಬೇಕು, ಟ್ರೇಲರ್‌ಗಿ ಅಂತನೇ ಮಾಡಿದ್ದು ಅಂತ ಅರ್ಥ. ಅದರ ಹತ್ರ ಡಿಒಟಿ (DOT) ಅಂತ ಬರದು, ಕಡೀಗಿ ನಾಕು ಅಂಕಿ ಇರ್ತಾವ. 2319 ಇದ್ರ 2019ರ 23ನೇ ವಾರದಾಗ ಮಾಡಿದ್ದು. ಬಿಸಲಾಗ ನಿಂತ ಟ್ರೇಲರ್ ಟೈರ್ ಸವಿಲಾರದೇ ಮುದುಕ ಆಗ್ತದ. ಹಲ್ಲು ಹೊಸದಾಗಿ ಕಂಡ್ರೂ ಐದಾರು ವರ್ಷ ದಾಟಿದ್ರ ಅದರ ರೊಕ್ಕ ರೇಟಿನ್ಯಾಗ ಮುರಕೋ. ಗಾಳಿ ಟೈರ್ ಮ್ಯಾಲ ಬರದಷ್ಟು ಪೂರಾ ಇರ್ಬೇಕು.

ಇನ್ನ ಎಲ್ಲಾದಕ್ಕಿಂತ ದೊಡ್ಡದು. ಮುತ್ಯಾ ಬಂಡಿ ಹೇರಿದ ಮ್ಯಾಲ ಎತ್ತು ಹೂಡೋಕಿನ್ನ ಮೊದಲು ಮೂಕಿ ಕೈಲೇ ಎತ್ತಿ ನೋಡ್ತಿದ್ರು, ನೆನಪದನ? 'ಮುಂಭಾರ ಅದ, ನಡೀ' ಅಂತಿದ್ರು. ಹಿಂಭಾರ ಆದ್ರ ನೊಗ ಮ್ಯಾಲೆದ್ದು ಜತ್ತಿಗಿ ಎತ್ತಿನ ಗಂಟಲ ಹಿಡೀತದ. ಮುಂಭಾರ ಅತಿ ಆದ್ರ ಹೆಗಲು ಹುಣ್ಣು. ನಿನ್ನ ಟ್ರೇಲರ್‌ದೂ ಇದೇ ಶಾಸ್ತ್ರ, ಅಲ್ಲಿ ಅವ್ರು ಅಂಕಿ ಕೊಟ್ಟಾರ ಅಷ್ಟೇ. ತುಂಬಿದ ಟ್ರೇಲರ್ ತೂಕದಾಗ ನೂರಕ್ಕ 10ರಿಂದ 15 ಪಾಲು ಮೂಕಿ ಮ್ಯಾಲ ಬೀಳಬೇಕು. 2,000 ಪೌಂಡಿಗಿ ನಿಂದು 200 ಹತ್ರ ಇಟ್ಕೋ. ಮನ್ಯಾಗ ನೀನು ದಿನಾ ಹತ್ತಿ ಇಳಿಯೋ ತೂಕದ ಮಿಷನ್ ಅದಲ್ಲ, ಅದರ ಮ್ಯಾಲ ಹಲಗಿ ಇಟ್ಟು, ಹುಕ್ಕಿನ ಎತ್ತರ ಬರೂ ಹಂಗ ಕಟಗಿ ಇಟ್ಟು, ಮೂಕಿ ಇಳಿಸಿ ನೋಡು. ಮಾಲ್ ಸ್ವಲ್ಪ ಹೆಚ್ಚಿಂದು, ನೂರಕ್ಕ 60, ಅಚ್ಚಿನ ಮುಂದ ಇರ್ಲಿ. ಹಿಂದ ಭಾರ ಆದ್ರ ಹೈವೇದಾಗ ಟ್ರೇಲರ್ ಹಾವಿನ ಬಾಲದಂಗ ಆಡ್ಲಕ ಸುರು ಮಾಡ್ತದ, ಗಾಡಿನೂ ಎಳಕೊಂಡು ಆಡ್ತದ. ಹಂಗ ಆದ್ರ ಗಡಕ್ಕನ ಬ್ರೇಕ್ ಹೊಡಿಬ್ಯಾಡ, ಸ್ಟೇರಿಂಗ್ ತಿರವಬ್ಯಾಡ. ಎಕ್ಸಲೇಟರ್ ಮ್ಯಾಲಿಂದ ಕಾಲು ತೆಗಿ, ಸ್ಟೇರಿಂಗ್ ನೆಟ್ಟಗ ಹಿಡಿ, ತಾನೇ ಇಳೀತದ. ಬಾಜೂ ಹಚ್ಚಿ ಮಾಲ್ ಮುಂದ ಸರಸು. ಮೂಕಿ ಮ್ಯಾಲಿನ ಭಾರ ಗಾಡಿ ಮ್ಯಾಲಿನ ಭಾರನೇ. ಬಾಗಲ ಸಂದಿನ್ಯಾಗಿನ ಸ್ಟಿಕ್ಕರ್‌ದಾಗ ಮಂದಿ ಮತ್ತು ಸಾಮಾನು ಕೂಡಿ ಎಷ್ಟು ಅಂತ ಬರದದ, ಅದರಾಗ ಇದನ್ನೂ ಹಿಡಿ.

ಹುಕ್ಕಿನ ಗುಂಡು ನೋಡಿ ತಗೋ. ಒಂದು ಮುಕ್ಕಾಲು ಮೇಲರ್ಧಪಾವು (1-7/8) ಇಂಚಿಂದು ಒಂದು, ಎರಡು ಇಂಚಿಂದು ಒಂದು, ಕಣ್ಣಿಗಿ ಎರಡೂ ಒಂದೇ ಕಾಣ್ತಾವ. ಸಣ್ಣ ಗುಂಡಿನ ಮ್ಯಾಲ ಮೂಕಿದು ಎರಡಿಂಚಿನ ಬಾಯಿ ಕುಂತಂಗೇ ಆಗಿ ರೋಡಿನ ಮೊದಲನೇ ತಗ್ಗಿನ್ಯಾಗ ಮ್ಯಾಲ ಜಿಗೀತದ. ಸರಪಳಿ ಎರಡೂ ಮೂಕಿ ಕೆಳಗ ಕತ್ತರಿ ಹಾಕಿ ಹಚ್ಚು, ಹುಕ್ ಬಿಟ್ರ ಮೂಕಿ ಅದರ ಮ್ಯಾಲ ಕುಂದ್ರತದ, ರೋಡಿಗಿ ಚುಚ್ಚಂಗಿಲ್ಲ.

ಲೈಟಿಗಿ ನಾಕು ವೈರ್ ಇರ್ತಾವ. ಕಂದು ಹಿಂದಿನ ದೀಪಕ್ಕ, ಹಳದಿ ಎಡಕ್ಕ, ಹಸರು ಬಲಕ್ಕ, ಬಿಳಿದು ಅರ್ಥಿಂಗ್. ಒಂದು ದೀಪ ಹತ್ತಿ ಇನ್ನೊಂದು ಮಿಣಿಮಿಣಿ ಅಂದ್ರ ಬಲ್ಬಿಗಿ ಬೈಬ್ಯಾಡ, ಬಿಳಿ ವೈರ್ ಕೂಡೋ ಜಾಗದಾಗಿನ ತುಕ್ಕು ತಿಕ್ಕು. ಇಲ್ಲಿ ಕಬ್ಬಿನ ಸೀಜನ್‌ದಾಗ ರಾತ್ರಿ ಹಿಂದ ಒಂದು ಕೆಂಪು ದೀಪ ಇಲ್ಲದ ಟ್ರಾಲಿಗಿ ಎಷ್ಟು ಹುಡುಗ್ರು ಬೈಕ್ ಹೊಡದು ಸತ್ತಾರ, ನಿಂಗೊತ್ತದ.

ಬ್ರೇಕ್? ಇಷ್ಟು ಸಣ್ಣದಕ್ಕ ಬ್ರೇಕ್ ಇರಂಗಿಲ್ಲ. ಟೆಕ್ಸಾಸ್ ಕಾಯ್ದೆ 4,500 ಪೌಂಡ್ ದಾಟಿದ್ರ ಬ್ರೇಕ್ ಬೇಕು ಅಂತದ, ಆದ್ರ ನಿನ್ನ ಗಾಡಿ ಪುಸ್ತಕ ಏನು ಅಂತದ ಅದನ್ನೂ ಓದು. ಮುಂದಿನ ಗಾಡಿಗೂ ನಿಂಗೂ ನಡುವ ದಿನದಕಿನ್ನ ದುಪ್ಪಟ್ಟು ಜಾಗ ಬಿಡು. ಹೊಸಾ ಟ್ರೇಲರ್ ಆದ್ರ ಮೊದಲ 50 ಮೈಲಿ ಒಳಗ ಗಾಲಿ ನಟ್ ಮತ್ತೊಮ್ಮಿ ಬಿಗಿ ಮಾಡ್ಸು. ಹಿಂದ ತಗೋಳಾಗ ಕೈ ಸ್ಟೇರಿಂಗ್ ಕೆಳಗ ಇಡು. ಟ್ರೇಲರ್ ಯಾವ ಕಡಿ ಹೋಗಬೇಕೋ ಕೈ ಆ ಕಡಿ. ಟ್ರ್ಯಾಕ್ಟರ್ ಮ್ಯಾಲ ಕಲಿಸಿದ್ದೆಲ್ಲ, ಮರ್ತಿ ಏನು? ಗಿಡ್ಡ ಟ್ರೇಲರ್ ಟ್ರಾಲಿಕಿನ್ನ ಲಗೂ ಬಾಜೂಕ ತಿರಗತದ, ಗೇಣು ಗೇಣು ತಗೋ.

ನನ್ನ ಕೇಳಿದ್ರ, ಎರಡನೇದು. ಸ್ಪ್ರಿಂಗ್ ಪಾಟಾ ಇರೋದೇ ತಗೋ. ರಬ್ಬರ್ ಅಚ್ಚು ಮೆತ್ತಗ ಓಡ್ತದ ಖರೆ, ಕೆಟ್ರ ಪೂರಾ ಅಚ್ಚೇ ಬದಲಿ ಮಾಡಬೇಕು. ಪಾಟಾ ಮುರಿದ್ರ ಒಂದು ಪಾಟಾ ಹಾಕು, ಮುಗೀತು. ರೊಕ್ಕ ಸಾವಿರಕ್ಕಿನ್ನ ಸ್ವಲ್ಪ ಮ್ಯಾಲ ಹೋದ್ರ ಹೋಗ್ಲಿ, ಬಾಜೂ ಹಲಗಿ ಅಂಗಡಿದ್ದು ತಗೋಬ್ಯಾಡ, ಅಳಿಯಂದ್ರು ಮನ್ಯಾಗೇ ಕಟಗಿದ್ದು ಬಡೀತಾರ. ಅವಸರ ಇಲ್ಲಂದ್ರ ಮೊದಲು ಯು-ಹಾಲ್‌ದಾಗ ಇದೇ ಐದು-ಎಂಟರದ್ದು ಒಂದು ದಿನ ಬಾಡಿಗಿ ತಂದು ಎಳದು ನೋಡು. ವರ್ಷಕ್ಕ ನಾಕು ಸಲದಕಿನ್ನ ಬೇಕಾಗಂಗಿಲ್ಲ ಅನಿಸಿದ್ರ ಖರೀದಿನೇ ಬ್ಯಾಡ.

ಇಲ್ಲಿದ್ದಿದ್ರ ಎಂಟು ದಿನದಾಗ ನಾನೇ ಕಟ್ಟಿ ಕೊಡ್ತಿದ್ದೆ, ಹಿಂದ ನಿನ್ನ ಹೆಸರು ಬರಿಸಿ.

ರೊಕ್ಕ ಕೊಡೋಕಿನ್ನ ಮೊದಲು ವಿಡಿಯೋ ಕಾಲ್ ಹಚ್ಚು. ಸಂಜಿ ಎಂಟಕ್ಕೂ ನಿಮ್ಮಲ್ಲಿ ಬೆಳಕಿರ್ತದ ಅಂತಿ, ಆವಾಗ ನಮಗ ಮುಂಜಾನಿ ಆರೂವರಿ, ಗಿರಾಕಿ ಇನ್ನೂ ಬಂದಿರಂಗಿಲ್ಲ. ಫೋನ್ ಮೊದಲು ಕೆಳಗ ಹಿಡಿ, ಬಣ್ಣ ಆಮ್ಯಾಲ ನೋಡಮು. ನಿಮ್ಮವ್ವ ಬಾಜೂಕ ಕುಂತು 'ಗಾಲಿ ಗಟ್ಟಿ ಅವನ ಮೊದಲು ಕೇಳ್ರಿ' ಅನ್ಲಕತ್ತಾಳ. ಆ ಭಜ್ಜಿ ಗಡಗಿ ಅಕಿ ಇನ್ನೂ ಮರ್ತಿಲ್ಲ.

ಇಂತಿ ನಿಮ್ಮಪ್ಪ