ಕಬ್ಬು ಹೊತ್ತೊಯ್ದ ಪೊಟ್ಯಾಷ್ ಗದ್ದೆಗೆ ಮರಳಲಿ: ಕೃಷಿ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕೃಷಿ ಸಚಿವರಿಗೆ ನಮಸ್ಕಾರ.

ಯುಕ್ರೇನ್ ಯುದ್ಧ ಶುರುವಾದ 2022ರಲ್ಲಿ ಬೆಳೆಗೆ ಪೊಟ್ಯಾಷ್ ಕೊಡುವ ಗೊಬ್ಬರವಾದ ಎಂಒಪಿಯ (ಮ್ಯೂರಿಯೇಟ್ ಆಫ್ ಪೊಟ್ಯಾಷ್) 50 ಕೆ.ಜಿ. ಚೀಲ 1,700 ರೂಪಾಯಿ ಮುಟ್ಟಿತು. ಹಿಂದಿನ ವರ್ಷ ಅದು ಸಾವಿರದ ಆಸುಪಾಸಿನಲ್ಲಿತ್ತು. ಆ ಹಳೆಯ ದರ ಮತ್ತೆ ಬರಲಿಲ್ಲ. ಎಂಒಪಿ ನಮ್ಮ ನೆಲದಲ್ಲಿ ಸಿಗುವುದಲ್ಲ. ರಷ್ಯಾ, ಬೆಲಾರುಸ್, ಕೆನಡಾ, ಜೋರ್ಡಾನ್‌ಗಳಿಂದ ಹಡಗಿನಲ್ಲಿ ಬರಬೇಕು. ಬೆಲಾರುಸ್‌ನ ಮಾಲಿಗೆ ಲಿಥುವೇನಿಯಾದ ಬಂದರು ಮುಚ್ಚಿದರೆ ಬೆಳಗಾವಿಯ ಸೊಸೈಟಿಯಲ್ಲಿ ದರ ಏರುತ್ತದೆ.

ಕೇಂದ್ರದ ಸಬ್ಸಿಡಿ 2022ರ ಮುಂಗಾರಿನಲ್ಲಿ ಪ್ರತಿ ಕೆ.ಜಿ. ಪೊಟ್ಯಾಷ್ ಅಂಶಕ್ಕೆ 25.31 ರೂಪಾಯಿ ಇತ್ತು. 2023ರ ಹಿಂಗಾರಿಗೆ 2.38ಕ್ಕೆ ಇಳಿಯಿತು. ಒಂದು ಚೀಲದಲ್ಲಿ 30 ಕೆ.ಜಿ. ಅಂಶ, ಅಂದರೆ ಸುಮಾರು 759 ರೂಪಾಯಿಯ ನೆರವು 71ಕ್ಕೆ ಬಂತು. ಯೂರಿಯಾ ಚೀಲ ಮಾತ್ರ 266.50. ರೈತ ಯಾವುದನ್ನು ಎತ್ತಿಕೊಂಡು ಹೋಗುತ್ತಾನೆಂದು ತಮಗೆ ಹೇಳಬೇಕಿಲ್ಲ.

ಪರಿಣಾಮ ಗದ್ದೆಯಲ್ಲಿದೆ. ಪೊಟ್ಯಾಷ್ ಸಾಲದ ಕಬ್ಬಿನಲ್ಲಿ ಕೆಳಗಿನ ಹಳೆಯ ಗರಿಯ ತುದಿ ಮತ್ತು ಅಂಚು ಮೊದಲು ಹಳದಿಯಾಗಿ, ಆಮೇಲೆ ಬೆಂಕಿ ತಾಗಿದ ಹಾಗೆ ಕಂದಾಗುತ್ತದೆ. ಬಣ್ಣ ಕೆಟ್ಟಿತೆಂದು ಇನ್ನೊಂದು ಚೀಲ ಯೂರಿಯಾ ಬೀಳುತ್ತದೆ. ಕಬ್ಬು ಎತ್ತರಕ್ಕೆ ಹೋಗಿ ಗಾಳಿಗೆ ಮಲಗುತ್ತದೆ, ರಸದಲ್ಲಿ ಸಕ್ಕರೆ ಇಳಿಯುತ್ತದೆ.

ಕಬ್ಬು ನೆಲದಿಂದ ಎತ್ತಿಕೊಂಡ ಪೊಟ್ಯಾಷ್‌ನಲ್ಲಿ ದೊಡ್ಡ ಪಾಲು ರಸದ ಜೊತೆ ಕಾಕಂಬಿಗೆ (ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ) ಹೋಗುತ್ತದೆ. ಕಾಕಂಬಿಯಿಂದ ಎಥೆನಾಲ್ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್ ಎಂಬ ತ್ಯಾಜ್ಯ ನೀರನ್ನು ಗಟ್ಟಿ ಮಾಡಿ ಬಾಯ್ಲರ್‌ನಲ್ಲಿ ಸುಡುತ್ತಾರೆ. ಆ ಬೂದಿಯಿಂದ ಮಾಡಿದ ಗೊಬ್ಬರವೇ ಪಿಡಿಎಂ (ಕಾಕಂಬಿಯಿಂದ ಪಡೆದ ಪೊಟ್ಯಾಷ್), ಅದರಲ್ಲಿ ಶೇ. 14.5 ಪೊಟ್ಯಾಷ್. 2021ರಲ್ಲೇ ಇದಕ್ಕೂ ಸಬ್ಸಿಡಿ ಸಿಕ್ಕಿದೆ. ಆಗ ಚೀಲಕ್ಕೆ 73 ರೂಪಾಯಿ, 2.38ರ ಲೆಕ್ಕದಲ್ಲಿ ಬರೀ 17.

ತೊಡಕು ಎಲ್ಲಿ? ಒಂದು ಎಂಒಪಿ ಚೀಲಕ್ಕೆ ನಾಲ್ಕಕ್ಕಿಂತ ಹೆಚ್ಚು ಪಿಡಿಎಂ ಚೀಲ ಬೇಕು. ಎಕರೆಗೆ ಎರಡು ಚೀಲ ಎಂಒಪಿ ಹಾಕುವವರು ಎಂಟೊಂಬತ್ತು ಚೀಲ ಹೊರಬೇಕು. ದೂರ ಹೆಚ್ಚಾದಷ್ಟೂ ಬಾಡಿಗೆಯೇ ಉಳಿತಾಯವನ್ನು ನುಂಗುತ್ತದೆ. ಬೂದಿ ತೇವ ಹೀರಿ ಗಡ್ಡೆ ಕಟ್ಟುತ್ತದೆ, ಮಳೆಗಾಲದಲ್ಲಂತೂ ಕೈಯಲ್ಲಿ ಎರಚಲು ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಗುಣಮಟ್ಟ. ಸ್ಪೆಂಟ್ ವಾಶ್ ತಾನೇ ಉರಿಯುವುದಿಲ್ಲ, ಜೊತೆಗೆ ಬೇರೆ ಇಂಧನ ಬೇಕು. ಕಲ್ಲಿದ್ದಲು ಹಾಕಿದರೆ ಅದರ ಬೂದಿಯೂ ಬೆರೆತು ಪೊಟ್ಯಾಷ್ ಅಂಶ ಕುಸಿಯುತ್ತದೆ. ಕಬ್ಬಿನ ಸಿಪ್ಪೆ ಹಾಕಿದರೆ ಇಷ್ಟು ಕೆಡುವುದಿಲ್ಲ.

ಹಾಗಾಗಿ ಡಿಸ್ಟಿಲರಿ ಇರುವ ಪ್ರತಿ ಕಾರ್ಖಾನೆಯ ಬೂದಿಯನ್ನೂ ಲಾಟ್‌ವಾರು ಪರೀಕ್ಷಿಸಿ, ಸಿಕ್ಕ ಅಂಕಿಯನ್ನು ಚೀಲದ ಮೇಲೆ ಕನ್ನಡದಲ್ಲಿ ಮುದ್ರಿಸುವಂತೆ ಆದೇಶಿಸಿ. ಹರಳು ಕಟ್ಟಿ, ಒಳಗೆ ಪ್ಲಾಸ್ಟಿಕ್ ಹಾಳೆಯಿರುವ ಚೀಲದಲ್ಲೇ ಮಾರಲಿ. ಕಬ್ಬು ಇಳಿಸಿ ಖಾಲಿ ಹೋಗುವ ಟ್ರ್ಯಾಕ್ಟರ್‌ನಲ್ಲೇ ಕಾರ್ಖಾನೆಗಳು ಬೆಳೆಗಾರರಿಗೆ ಗೊಬ್ಬರ ಕೊಟ್ಟು, ಹಣವನ್ನು ಕಬ್ಬಿನ ಬಿಲ್ಲಿನಲ್ಲಿ ಹಿಡಿದುಕೊಳ್ಳಲಿ. ಬಾಡಿಗೆಯ ತಲೆನೋವು ಅಲ್ಲಿಗೆ ಮುಗಿಯಿತು. ಬರುವ ನುರಿಸುವ ಹಂಗಾಮು ಶುರುವಾಗುವ ಮೊದಲೇ ಈ ಆದೇಶ ಹೊರಬೀಳಬೇಕು.

ಇತಿ,
ಕಬ್ಬು ಬೆಳೆಗಾರರು